ಪುಟ್ಟಿಯ ಪುಸ್ತಕದ ಪಟ್ಟಿಗೆ ದೊಡ್ಡಮ್ಮನ ನಾಲ್ಕು ಮಾತು

ಮಂಡ್ಯ
ಭಾನುವಾರ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿಮ್ಮಮ್ಮ ಮೊನ್ನೆ ಫೋನ್ ಮಾಡಿದ್ದಳು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೇರುವ ನಿಮ್ಮ ಗುಂಪಿನಲ್ಲಿ ಎಲ್ಲರೂ ವೈಜ್ಞಾನಿಕ ಕಥೆ, ಮಾಯಾಲೋಕದ ಕಥೆ ಓದುವವರೇ ಅಂತೆ. ಮುಂದಿನ ವಾರ ಒಬ್ಬೊಬ್ಬರೂ ತಮ್ಮ ಮೆಚ್ಚಿನ ಪುಸ್ತಕಗಳ ಪಟ್ಟಿ ತರಬೇಕಂತೆ. ನೀನು ಮೂರು ದಿನದಿಂದ ಹೊತ್ತು ಹೊತ್ತಿಗೆ ಊಟವನ್ನೂ ಮಾಡದೆ, ಓದಲೇಬೇಕಾದ ನೂರು ಪುಸ್ತಕ ಯಾವುವು ಅಂತ ಮೊಬೈಲಿನಲ್ಲಿ ಹುಡುಕುತ್ತಾ ಕೂತಿದ್ದೀಯಂತೆ. ಅದನ್ನು ಕೇಳಿ ಮನಸ್ಸು ತಡೆಯಲಿಲ್ಲ, ಅದಕ್ಕೇ ಈ ಕಾಗದ.

ನೀನು ಓದದ ಒಂದೇ ಒಂದು ಪುಸ್ತಕವನ್ನೂ ಆ ಪಟ್ಟಿಗೆ ಸೇರಿಸಬೇಡ ಮಗಳೇ.

ಡಿಗ್ರಿ ಓದುವಾಗ ನಾನೂ ಇಪ್ಪತ್ತು ಪುಸ್ತಕಗಳ ಹೆಸರು ಬರೆದು ಗೆಳತಿಯೊಬ್ಬಳ ಕೈಗೆ ಕೊಟ್ಟಿದ್ದೆ. ಅದರಲ್ಲಿ ಏಳನ್ನು ನಾನು ಮುಟ್ಟಿಯೂ ನೋಡಿರಲಿಲ್ಲ. ದೊಡ್ಡವರ ಬಾಯಲ್ಲಿ ಹೆಸರು ಕೇಳಿದ್ದೆ, ಅಷ್ಟೆ. ಅವಳು ಬಸ್ಸಿನ ದುಡ್ಡು ಉಳಿಸಿ, ತಿಂಗಳುಗಟ್ಟಲೆ ನಡೆದೇ ಓಡಾಡಿ, ಆ ಏಳರಲ್ಲೇ ಒಂದನ್ನು ಕೊಂಡುಕೊಂಡಳು. ಓದಿ ಮುಗಿಸಿದ ದಿನ ಏದುಸಿರು ಬಿಡುತ್ತಾ ಬಂದು, "ಆ ಮುದುಕ ಕೊನೆಗೂ ಬಾಗಿಲು ತೆಗೆಯಲಿಲ್ಲವಲ್ಲೇ, ಯಾಕೆ?" ಅಂದಳು. ನನಗೆ ಯಾವ ಮುದುಕ, ಯಾವ ಬಾಗಿಲು ಒಂದೂ ಗೊತ್ತಿಲ್ಲ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಬೈಯಲಿಲ್ಲ, ಜಗಳ ಆಡಲಿಲ್ಲ. ಅಲ್ಲಿಂದಾಚೆ ನನ್ನ ಹತ್ತಿರ ಪುಸ್ತಕದ ಮಾತು ಮಾತ್ರ ಎತ್ತಲಿಲ್ಲ.

ಪುಸ್ತಕ ಮುಗಿಸಿ ಎದ್ದವರಿಗೆ ಆ ಗಳಿಗೆಯಲ್ಲಿ ಅದನ್ನೇ ಓದಿರುವ ಇನ್ನೊಂದು ಜೀವ ಬೇಕಾಗುತ್ತದೆ. ಪಟ್ಟಿ ಕೊಡುವುದೆಂದರೆ "ನೀನು ಮುಗಿಸಿ ಬಾ, ನಾನಿಲ್ಲೇ ಇರುತ್ತೇನೆ" ಅಂತ ಮಾತು ಕೊಟ್ಟ ಹಾಗೆ. ನಾನು ಕೊಟ್ಟ ಮಾತಿಗೆ ತಪ್ಪಿದೆ. ನೀನು ತಪ್ಪಬಾರದು.

ಹತ್ತೇ ಪುಸ್ತಕ ಇದ್ದರೂ ಸಾಕು. ಒಂದೊಂದರ ಪಕ್ಕದಲ್ಲೂ ನಿನ್ನ ಮನಸ್ಸಿಗೆ ಅಂಟಿದ್ದು ಏನೋ ಅದನ್ನು ಬರಿ. ಕಥೆಯ ಸಾರಾಂಶ ಬೇಡ, ಅದನ್ನು ಪುಸ್ತಕದ ಹಿಂದಿನ ರಟ್ಟೇ ಹೇಳುತ್ತದೆ. ಬೇಗಂ ರೊಕೆಯಾ ಅವರ 'ಸುಲ್ತಾನಾಸ್ ಡ್ರೀಮ್' ತೆಗೆದುಕೋ. 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಸಣ್ಣ ಕಥೆ. ಅಲ್ಲಿ ನಾಡು ನಡೆಸುವವರು ಹೆಂಗಸರು, ಮನೆಯೊಳಗೆ ಇರುವವರು ಗಂಡಸರು. ಯಾರನ್ನು ಕೇಳಿದರೂ ಇಷ್ಟನ್ನು ಹೇಳುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಬೇರೆ: "ಬಲೂನಿಗೆ ಪೈಪು ಕಟ್ಟಿ ಮೋಡದಿಂದ ನೀರು ಇಳಿಸುತ್ತಾರೆ." ನಾನದನ್ನು ಓದಿದ್ದು ನಾಲೆಗೆ ನೀರು ಬಿಡದ ವರ್ಷ. ನಮ್ಮ ಗದ್ದೆ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟಿತ್ತು. ನಿಮ್ಮ ದೊಡ್ಡಪ್ಪ ಬೆಳಗ್ಗೆ ಎದ್ದು ಕಾಫಿಗೂ ಮುಂಚೆ ಪೇಪರಿನಲ್ಲಿ ಕನ್ನಂಬಾಡಿಯ ಮಟ್ಟ ನೋಡುತ್ತಿದ್ದರು. ತುಂಬಿದರೆ 124.80 ಅಡಿ, ಆ ವರ್ಷ ಅದರ ಹತ್ತಿರಕ್ಕೂ ಬರಲಿಲ್ಲ. ಆ ಸಂಜೆ ಜಗಲಿ ಮೇಲೆ ಕೂತು ಅವರಿಗೆ ಬಲೂನಿನ ಭಾಗವನ್ನು ಕನ್ನಡದಲ್ಲಿ ಹೇಳಿದೆ. ಕಥೆ ಪುಸ್ತಕದ ತಂಟೆಗೇ ಹೋಗದ ಮನುಷ್ಯ, "ಪೈಪು ಎಷ್ಟು ಉದ್ದ ಬೇಕಾಗಬಹುದು?" ಅಂತ ಕೇಳಿದರು. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಕೇಳಿದರು. ಇಂಥದ್ದನ್ನು ಬರಿ ಪುಟ್ಟಿ. ಇದು ಯಾವ ನೂರರ ಪಟ್ಟಿಯಲ್ಲೂ ನಿನಗೆ ಸಿಕ್ಕುವುದಿಲ್ಲ.

ಆರ್ಥರ್ ಕ್ಲಾರ್ಕ್ 1973ರಲ್ಲಿ ಬರೆದ 'ರೆಂಡೆವೂ ವಿತ್ ರಾಮ' ಪಕ್ಕದಲ್ಲಿ ನಾನು ಬರೆದಿರುವುದು, "ಮಂಡ್ಯದಿಂದ ಮೈಸೂರು ದಾಟುವಷ್ಟು ಉದ್ದದ ಉರುಳೆ." ಸುಮಾರು 50 ಕಿಲೋಮೀಟರ್ ಉದ್ದದ ಆ ಬಾಹ್ಯಾಕಾಶ ನೌಕೆಗೆ ರಾಮನ ಹೆಸರು, ಗ್ರೀಕ್ ರೋಮನ್ ದೇವರುಗಳ ಹೆಸರೆಲ್ಲ ಆಗಲೇ ಮುಗಿದುಹೋಗಿತ್ತಲ್ಲ, ಅದಕ್ಕೆ. ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' (1968) ಪಕ್ಕದಲ್ಲಿ ಬರೀ "ಅಜ್ಜಿ" ಅಂತಿದೆ. ಆ ಲೋಕದಲ್ಲಿ ಒಂದರ ನಿಜವಾದ ಹೆಸರು ತಿಳಿದವರಿಗೆ ಅದರ ಮೇಲೆ ಹಿಡಿತ ಬರುತ್ತದೆ. ನಮ್ಮಜ್ಜಿ ಹೊತ್ತು ಮುಳುಗಿದ ಮೇಲೆ ಹಾವು ಅನ್ನಲು ಬಿಡುತ್ತಿರಲಿಲ್ಲ, "ಹುಳ ಅನ್ನು" ಅಂತ ಬಾಯಿ ಮೇಲೆ ಕೈ ಇಡುತ್ತಿದ್ದಳು. ಆ ಇಂಗ್ಲಿಷ್ ಪುಸ್ತಕ ನನಗೆ ಎಲ್ಲೂ ಪರಕೀಯ ಅನ್ನಿಸಲಿಲ್ಲ.

ಕನ್ನಡದ ಪುಸ್ತಕಗಳನ್ನು ಮುಚ್ಚಿಡಬೇಡ. ಗುಂಪಿನಲ್ಲಿ ಎಲ್ಲರೂ ಇಂಗ್ಲಿಷ್ ಹೆಸರನ್ನೇ ಹೇಳುತ್ತಾರೇನೋ, ಹೇಳಲಿ. ರಾಜಶೇಖರ ಭೂಸನೂರಮಠರ ಕಥೆಗಳನ್ನು ಹಾಕು. ತೇಜಸ್ವಿಯವರ 'ಕರ್ವಾಲೋ' (1980) ಹಾಕು. ಅದು ವೈಜ್ಞಾನಿಕ ಕಥೆಯೇ ಅಲ್ಲ ಅಂತ ಯಾರಾದರೂ ಖಂಡಿತ ತಕರಾರು ತೆಗೆಯುತ್ತಾರೆ, ಅದರಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆಯಲ್ಲ ಅಂತ. ಇರಲಿ. ಮಂದಣ್ಣನಂಥ ಜೇನು ಹಿಡಿಯುವ ಹುಡುಗನ ಕಣ್ಣಿಗೆ ಬಿದ್ದ ಒಂದು ಪ್ರಾಣಿಯಿಂದ ಕೋಟ್ಯಂತರ ವರ್ಷಗಳ ಕಾಲವೇ ತೆರೆದುಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಅದಕ್ಕೆ ಆ ಪಟ್ಟಿಯಲ್ಲಿ ಜಾಗ ಇದೆ. ನಿನಗೂ ಹಾಗನ್ನಿಸಿದರೆ ಕಾರಣ ಹೇಳು, ವಾದ ಮಾಡು.

ಅರ್ಧಕ್ಕೆ ಬಿಟ್ಟ ಪುಸ್ತಕವಿದ್ದರೆ ಹಾಗಂತಲೇ ಬರಿ. 'ಡ್ಯೂನ್' ಅನ್ನು ನಾನು ಎರಡು ಸಲ ಹಿಡಿದು ಎರಡು ಸಲವೂ ಬಿಟ್ಟೆ. ಪಕ್ಕದಲ್ಲಿ ಪುಟದ ಸಂಖ್ಯೆ ಬರೆದಿಟ್ಟಿದ್ದೇನೆ. ಅಲ್ಲಿಂದ ಮುಂದಕ್ಕೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗುವವರು ನಿಮ್ಮ ಗುಂಪಿನಲ್ಲಿ ಯಾರಾದರೂ ಇದ್ದರೆ ವಿಚಾರಿಸು.

ಇನ್ನೊಂದು ಮಾತು. ನಿನ್ನ ಪಟ್ಟಿ ಓದಿದ ಕೂಡಲೇ ಎದ್ದು ಬರಬೇಡ. ಮಿಕ್ಕವರ ಪಟ್ಟಿಯನ್ನೂ ಕೂತು ಕೇಳು. ಅದರಲ್ಲಿ ಒಂದನ್ನು ಆರಿಸಿಕೊಂಡು, ಮುಂದಿನ ಸಲ ಸೇರುವುದರೊಳಗೆ ಓದಿ ಮುಗಿಸಿ, ಅದನ್ನು ಹೇಳಿದವರ ಪಕ್ಕದಲ್ಲೇ ಹೋಗಿ ಕೂತುಕೋ.

ಪಟ್ಟಿಯ ಒಂದು ಪ್ರತಿ ನನಗೂ ಕಳಿಸು. ದಸರಾ ರಜೆಗೆ ಬರುವಾಗ ಅದರಲ್ಲಿ ನಾನು ಓದಿರದ ಪುಸ್ತಕ ಒಂದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಾ. ನೀನು ವಾಪಸ್ ಹೊರಡುವುದರೊಳಗೆ ಮುಗಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ