ಅಂಟು ಯಾಕೆ ಬೆರೆಸಬೇಕು, ಅದನ್ನೂ ಬರೆಯಿರಿ

ಸಂಪಾದಕರೇ,

ಮಳೆಗಾಲ ಹತ್ತಿರ ಬಂತೆಂದರೆ ನಿಮ್ಮ ಕೃಷಿ ಪುಟದಲ್ಲಿ ಅಡಿಕೆ ಕೊಳೆರೋಗದ ಲೇಖನ ಬಂದೇ ಬರುತ್ತದೆ. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಕತ್ತಿ ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಹಾಕಿ ಎಂದೂ ಹೇಳುತ್ತೀರಿ. ಕಡೆಗೆ ‘ಅಂಟು ಬೆರೆಸಿ’ ಅಂತ ಒಂದೇ ಸಾಲು. ಯಾಕೆ ಅನ್ನೋದೇ ಇಲ್ಲ.

ಎಳೆ ಅಡಿಕೆಯ ಸಿಪ್ಪೆ ಮೇಣದಂತೆ ನುಣುಪು. ಬರೀ ನೀರು ಅದರ ಮೇಲೆ ಹರಡುವುದಿಲ್ಲ, ಗುಂಡಗೆ ಕೂರುತ್ತದೆ. ಜಾರುವ ಮುಂಚೆ ಹನಿಯನ್ನು ಹತ್ತಿರದಿಂದ ನೋಡಿ. ಕೆಳಗಿನ ಅಂಚು ಉಬ್ಬಿರುತ್ತದೆ, ಮೇಲಿನದು ಚಪ್ಪಟೆ. ಸಿಪ್ಪೆಯ ತರಿ, ಧೂಳು ಆ ಅಂಚನ್ನು ಹಿಡಿದಿಟ್ಟಿರುತ್ತವೆ. ಹನಿ ದೊಡ್ಡದಾಗಿ ಹಿಡಿತ ಮೀರಿದರೆ ಜಾರುತ್ತದೆ, ದಾರಿಯಲ್ಲಿ ಸಿಕ್ಕ ಹನಿಗಳನ್ನೂ ಬಾಚಿಕೊಂಡೇ ಹೋಗುತ್ತದೆ. ಅಡಿಕೆ ಗೊನೆಯಿಂದ ತೊಟ್ಟಿಕ್ಕುವಷ್ಟು ಹೊಡೆಸಿದರೇ ನಮಗೆ ಸಮಾಧಾನ. ತೊಟ್ಟಿಕ್ಕಿದ್ದೂ ಮದ್ದೇ ಅಲ್ವಾ?

ರಾಳ-ಸೋಡಾದ ಅಂಟು ಎರಡು ಕೆಲಸ ಮಾಡುತ್ತದೆ. ಸಾಬೂನಿನ ಗುಣದಿಂದ ನೀರಿನ ಬಿಗಿ ಸಡಿಲಿಸಿ ಅಂಚನ್ನು ಮುಂದೆ ಸರಿಸುತ್ತದೆ. ಒಣಗಿದ ಮೇಲೆ ರಾಳ ಮದ್ದನ್ನು ಸಿಪ್ಪೆಗೆ ಹಿಡಿಸುತ್ತದೆ. ಹಾಗಂತ ಜಾಸ್ತಿ ಸುರಿದರೆ ಮದ್ದು ನಿಲ್ಲುವುದೇ ಇಲ್ಲ, ತೆಳ್ಳಗೆ ಹರಿದು ಕೆಳಗೆ ಬೀಳುತ್ತದೆ.

ಒಣಗುವಾಗಲೂ ಒಂದು ತೊಡಕಿದೆ. ಅಂಚು ಅಲ್ಲೇ ಕಚ್ಚಿಕೊಂಡಿದ್ದರೆ ಅಲ್ಲಿ ನೀರು ಬೇಗ ಆರುತ್ತದೆ. ಅದನ್ನು ತುಂಬಲು ನಡುವಿನ ನೀರು ಹೊರಗೆ ಹರಿಯುತ್ತದೆ, ಕಣಗಳನ್ನೂ ಒಯ್ಯುತ್ತದೆ. ಕಾಫಿ ಕಲೆಯ ಅಂಚು ಕಪ್ಪಾಗುವುದು ಹೀಗೇ ಎಂದು ಶಿಕಾಗೊ ವಿಶ್ವವಿದ್ಯಾಲಯದವರು 1997ರಲ್ಲಿ ವಿವರಿಸಿದರು. ಬೋರ್ಡೋ ಹನಿಯಲ್ಲೂ ಹೀಗಾದರೆ ಅಂಚಿನಲ್ಲಿ ತಾಮ್ರ ದಪ್ಪ, ನಡುವೆ ತೆಳು. ಕೊಳೆಗೆ ಅಷ್ಟು ಜಾಗ ಸಾಕು.

ಈ ಅಂಚು ವಿಜ್ಞಾನಿಗಳನ್ನೂ ಸುಮ್ನೆ ಬಿಟ್ಟಿಲ್ಲ ಬಿಡಿ. ದ್ರವ ಗಟ್ಟಿ ಮೈಗೆ ಅಂಟಿಯೇ ಇರುತ್ತದೆ ಎಂಬ ಹಳೆಯ ನಿಯಮ ಹಿಡಿದರೆ ಅಂಚನ್ನು ಸರಿಸಲು ಕೊನೆಯಿಲ್ಲದ ಬಲ ಬೇಕಾಗುತ್ತದೆ. ಹಾಗಿದ್ದರೆ ಗ್ರೀಕ್ ಪುರಾಣದ ಮಹಾಬಲಶಾಲಿ ಹೆರಾಕ್ಲಿಸ್‌ಗೂ ಒಂದು ವಸ್ತುವನ್ನು ನೀರಲ್ಲಿ ಮುಳುಗಿಸಲು ಆಗದು ಎಂದು ಹುಹ್ ಮತ್ತು ಸ್ಕ್ರಿವೆನ್ ಎಂಬ ವಿಜ್ಞಾನಿಗಳು 1971ರಲ್ಲೇ ತಮಾಷೆ ಮಾಡಿದ್ದರು.

ಮುಂದಿನ ಲೇಖನದಲ್ಲಿ ಅಂಟು ಹಾಕಿದ, ಹಾಕದ ಹನಿಗಳ ಫೋಟೊ ಅಕ್ಕಪಕ್ಕ ಹಾಕಿ. ಜೊತೆಗೆ ಒಂದು ಸುಲಭ ಪರೀಕ್ಷೆಯನ್ನೂ ಬರೆಯಿರಿ: ಮದ್ದು ಹೊಡೆಯುವ ಕೊನೆಗೌಡ ಮರ ಹತ್ತುವ ಮೊದಲು ನಾಲ್ಕು ಹಸಿ ಅಡಿಕೆ ದ್ರಾವಣದಲ್ಲಿ ಅದ್ದಿ ಎತ್ತಬೇಕು. ಮದ್ದು ಹನಿಹನಿಯಾಗಿ ಒಡೆದರೆ ಇನ್ನು ಸ್ವಲ್ಪ ಅಂಟು ಬೇಕು.

– ಅಡಿಕೆ ಬೆಳೆಗಾರ, ಶಿರಸಿ