ಸಾವಿನ ದುಡ್ಡು ಸಾವಿನ ದಿನ ಕೈಗೆ ಸಿಗಬೇಕು

ಮಾನ್ಯರೆ,

ನಮ್ಮ ತಂದೆ ತೀರಿಹೋಗುವ ಆರು ವರ್ಷ ಮೊದಲೇ ತಮ್ಮ ಕೊನೆ ಖರ್ಚಿಗೆ ಅಂತ 60,000 ರೂಪಾಯಿ ಎಫ್‌ಡಿ ಇಟ್ಟಿದ್ದರು. ನಾಮಿನಿ ಅಮ್ಮ. ರಸೀದಿಯನ್ನು ಹಳೆ ಡೈರಿಯೊಂದರಲ್ಲಿ ಇಟ್ಟು, ಪಕ್ಕದ ಹಾಳೆಯಲ್ಲಿ ನೀಲಿ ಶಾಯಿಯಲ್ಲಿ ಬರೆದಿದ್ದರು: ‘ಹಾರ ಒಂದೇ ಸಾಕು. ವಿದ್ಯುತ್ ಚಿತಾಗಾರ. ಬೂದಿ ಪಶ್ಚಿಮವಾಹಿನಿಗೆ. ಯಾರ ಹತ್ತಿರವೂ ಕೈ ಚಾಚಬೇಡಿ.’ ಕೊನೆ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ಅವರು ಹೋಗಿದ್ದು ಎರಡನೇ ಶನಿವಾರ ಬೆಳಗಿನ ಜಾವ. ಬ್ಯಾಂಕಿಗೆ ರಜೆ. ತೆರೆದಿದ್ದರೂ ಏನೂ ಆಗುತ್ತಿರಲಿಲ್ಲ, ಮರಣ ಪ್ರಮಾಣಪತ್ರ ತೋರಿಸದೆ ಆ ದುಡ್ಡು ಕೈಗೆ ಬರುವುದಿಲ್ಲ. ಪಿಂಚಣಿ ಖಾತೆಯೂ ಅವರೊಬ್ಬರ ಹೆಸರಲ್ಲೇ ಇತ್ತು. ಎಟಿಎಂ ಕಾರ್ಡಿನ ಪಿನ್ ನನಗೆ ಗೊತ್ತಿತ್ತು, ಆದರೆ ಸತ್ತವರ ಕಾರ್ಡಿನಲ್ಲಿ ದುಡ್ಡು ತೆಗೆಯುವುದು ತಪ್ಪು, ನನಗೆ ಮನಸ್ಸೂ ಬರಲಿಲ್ಲ. ಮಗಳ ಕಾಲೇಜು ಫೀಸು ಹಿಂದಿನ ವಾರವಷ್ಟೇ ಕಟ್ಟಿದ್ದೆ. ನನ್ನ ಖಾತೆಯಲ್ಲಿ ಉಳಿದಿದ್ದು ಏಳು ಸಾವಿರ ಚಿಲ್ಲರೆ. ಮಸ್ಕತ್‌ನಿಂದ ತಮ್ಮ ಬರುವವರೆಗೆ ಫ್ರೀಜರ್ ಪೆಟ್ಟಿಗೆ ಬೇಕು, ಆಮೇಲೆ ವ್ಯಾನು, ಪುರೋಹಿತರು, ಹೂವು, ಬಿದಿರು, ಮಡಕೆ. ಇದನ್ನೆಲ್ಲ ಯಾರೂ ಸಾಲಕ್ಕೆ ಕೊಡುವುದಿಲ್ಲ. ಚೌಕಾಸಿ ಮಾಡುವ ಸಮಯವೂ ಅದಲ್ಲ.

ಬೆಳಿಗ್ಗೆ ಆರೂವರೆಗೆ ಎದುರು ಮನೆಯವರು ಗೇಟು ತೆಗೆದು ಬಂದರು. ಪೇಪರಿನಲ್ಲಿ ಸುತ್ತಿದ್ದ 25,000 ರೂಪಾಯಿಯನ್ನು ಮಾತಾಡದೆ ನನ್ನ ಜೇಬಿಗೆ ಇಟ್ಟರು. ಅವರ ಉಪಕಾರ ಸಾಯುವವರೆಗೆ ಮರೆಯಲ್ಲ. ಅದನ್ನು ನೋಡಿ ಅಮ್ಮ ಮಾತ್ರ, ‘ನಿಮ್ಮಪ್ಪನ ದುಡ್ಡಲ್ಲೇ ಆಗಬೇಕಿತ್ತು ಕಣೋ, ಅದಕ್ಕೇ ಅಲ್ವಾ ಕೂಡಿಟ್ಟಿದ್ದು’ ಅಂತ ಮತ್ತೆ ಅತ್ತರು. ಎಫ್‌ಡಿ ಹಣ ಕೈಗೆ ಬಂದಿದ್ದು 34ನೇ ದಿನ.

ಈ ದಿನಗಳ ಲೆಕ್ಕ ನೋಡಿ. ಸಾವನ್ನು ನೋಂದಾಯಿಸಲು ಕಾನೂನು 21 ದಿನ ಕೊಡುತ್ತದೆ. ತೀರಿಕೊಂಡವರ ಖಾತೆಯ ಹಣವನ್ನು, ಎಲ್ಲ ಕಾಗದ ಕೊಟ್ಟ ಮೇಲೆ, 15 ದಿನದೊಳಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ. ಅದೇ ವರ್ಷ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರನ್ನು ನಾಮಿನಿ ಮಾಡಬಹುದು. ಒಳ್ಳೆಯದೇ. ಆದರೆ ನಮ್ಮಲ್ಲಿ ದಹನ ಒಂದೆರಡು ದಿನಕ್ಕೇ ಆಗಿಹೋಗುತ್ತದೆ, ವೈಕುಂಠ ಸಮಾರಾಧನೆಯೇ 13ನೇ ದಿನಕ್ಕೆ ಮುಗಿಯುತ್ತದೆ. ಇಎಸ್‌ಐ ವಿಮೆ ಇರುವ ಕಾರ್ಮಿಕರ ಮನೆಗೆ ಅಂತ್ಯಕ್ರಿಯೆ ವೆಚ್ಚ ಅಂತ 15,000 ರೂಪಾಯಿವರೆಗೆ ಸಿಗುತ್ತದೆ, ಅದೂ ಖರ್ಚಾದ ಮೇಲೆ. ಎಲ್ಲ ದುಡ್ಡೂ ಬರುವ ಹೊತ್ತಿಗೆ ಸಾಲ ಆಗಿಬಿಟ್ಟಿರುತ್ತದೆ.

ಬದುಕಿರುವಾಗ ಸಾವಿನ ಮಾತು ಅಪಶಕುನ ಅಂತ ಬೈಯುವವರು ಜಾಸ್ತಿ. ಆದರೆ ನಮ್ಮ ಹಿರಿಯರು ಹಾಗೆ ಅಂದುಕೊಂಡಿರಲಿಲ್ಲ. ಕಾಶಿಗೆ ಹೋದವರು ತಾಮ್ರದ ಗಿಂಡಿಯಲ್ಲಿ ಗಂಗೆ ತಂದು, ಬೆಸುಗೆ ಒಡೆಯದೆ ದೇವರ ಮನೆಯಲ್ಲಿ ಇಡುತ್ತಿದ್ದದ್ದು ಯಾವುದಕ್ಕೆ? ಕೊನೆ ಗುಟುಕಿಗೆ. ಹಜ್‌ಗೆ ಹೋದವರಲ್ಲಿ ಎಷ್ಟೋ ಜನ ಮೆಕ್ಕಾದ ಜಮ್‌ಜಮ್ ನೀರಲ್ಲಿ ಅದ್ದಿದ ಕಫನ್, ಅಂದರೆ ಶವಕ್ಕೆ ಹೊದಿಸುವ ಬಟ್ಟೆ ತಂದು ಜೋಪಾನ ಮಾಡುತ್ತಾರೆ. ನಮ್ಮಜ್ಜಿ ಅಕ್ಕಿ ಡಬ್ಬದ ತಳದಲ್ಲಿ, ಬಟ್ಟೆ ಗಂಟಿನಲ್ಲಿ ‘ಮಣ್ಣಿನ ದುಡ್ಡು’ ಇಟ್ಟಿದ್ದರು. ಅವರು ಹೋದ ದಿನ ಸೊಸೆಯಂದಿರು ಡಬ್ಬ ಬಗ್ಗಿಸಿದರು, ಗಂಟು ಬಿಚ್ಚಿದರು, ಅಷ್ಟೇ. ಯಾವ ಪ್ರಮಾಣಪತ್ರವೂ ಬೇಕಾಗಲಿಲ್ಲ. ಬ್ಯಾಂಕನ್ನು ನಂಬಿದ ಅಪ್ಪನಿಗೆ ಅಷ್ಟು ಸಿಗಲಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಹಾಗಾದರೆ ಅಂತ್ಯಕ್ರಿಯೆ ಮಾಡಿಸುವ ಕಂಪನಿಗೆ ಮುಂಗಡ ಕಟ್ಟಿಬಿಡಬಹುದಲ್ಲ ಅಂತ ಕೇಳಬಹುದು. 2022ರಲ್ಲಿ ದೆಹಲಿಯ ವ್ಯಾಪಾರ ಮೇಳದಲ್ಲಿ ಮುಂಬೈನ ಕಂಪನಿಯೊಂದು ಚಟ್ಟ ಇಟ್ಟುಕೊಂಡು ಮಳಿಗೆ ಹಾಕಿತ್ತು. 37,500 ರೂಪಾಯಿ ಕಟ್ಟಿದರೆ ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಅಂದಿತ್ತು. ಜಾಲತಾಣದಲ್ಲಿ ಜನ ನಕ್ಕರು. ಮಕ್ಕಳು ಹತ್ತಿರ ಇಲ್ಲದ ವಯಸ್ಸಾದವರಿಗೆ ಅದರಲ್ಲಿ ನಗುವಂಥದ್ದೇನಿದೆ? ನನಗಿರುವ ಭಯ ಬೇರೆ. ಅದೇ ವರ್ಷ ಬ್ರಿಟನ್ನಿನಲ್ಲಿ ‘ಸೇಫ್ ಹ್ಯಾಂಡ್ಸ್’ ಅನ್ನುವ ಕಂಪನಿ ಮುಳುಗಿತು. ಸುಮಾರು 46,000 ಜನ ತಮ್ಮ ಅಂತ್ಯಕ್ರಿಯೆಗೆ ಅಂತ ಅದಕ್ಕೆ ಕಟ್ಟಿದ್ದರು. ಇಂಥ ಕಂಪನಿಗಳ ಮೇಲೆ ಅಲ್ಲಿನ ಹಣಕಾಸು ನಿಯಂತ್ರಕರ ಹಿಡಿತ ಬಂದಿದ್ದು ಆಮೇಲೆ, ಜುಲೈನಲ್ಲಿ. ಕೊಟ್ಟವನು ಬಂದು ಕೇಳಲಾಗದ ದುಡ್ಡು ಇದು. ಕಾವಲು ಗಟ್ಟಿಯಾಗುವವರೆಗೆ ನಾನಂತೂ ಕೊಡಲ್ಲ, ಬೇರೆಯವರಿಗೂ ಕೊಡಿ ಅಂತ ಹೇಳಲ್ಲ.

ಬ್ರಿಟನ್ನಿನಲ್ಲೇ ಇನ್ನೊಂದು ಪದ್ಧತಿ ಇದೆ. ಖಾತೆದಾರ ತೀರಿಕೊಂಡು ಖಾತೆ ತಡೆಹಿಡಿದಿದ್ದರೂ, ಬಿಲ್ಲು ತೋರಿಸಿದರೆ ಅಂತ್ಯಕ್ರಿಯೆಯ ಹಣವನ್ನು ಬ್ಯಾಂಕು ಸಾಮಾನ್ಯವಾಗಿ ಅದನ್ನು ನಡೆಸಿಕೊಡುವ ಸಂಸ್ಥೆಗೇ ನೇರವಾಗಿ ಕಟ್ಟುತ್ತದೆ. ನಮ್ಮಲ್ಲೂ ಇದನ್ನು ಯಾಕೆ ಮಾಡಬಾರದು? ವೈದ್ಯರು ಬರೆದುಕೊಟ್ಟ ಚೀಟಿ ಮತ್ತು ನಾಮಿನಿಯ ಸಹಿ ಇದ್ದರೆ, ಒಂದು ಮಿತಿಯೊಳಗೆ, ರಜಾ ದಿನವೂ ವ್ಯಾನಿನವರಿಗೆ, ಚಿತಾಗಾರಕ್ಕೆ ನೇರವಾಗಿ ಹಣ ಹೋಗಲಿ. ಮನೆಯವರ ಕೈಗೆ ಕೊಡುವುದೇ ಬೇಡ. ‘ಕೊನೆ ಖರ್ಚು’ ಅಂತಲೇ ಒಂದು ಠೇವಣಿ ಶುರು ಮಾಡಿದರೆ ಇನ್ನೂ ಒಳ್ಳೆಯದು. ನಮ್ಮ ಸಹಕಾರಿ ಬ್ಯಾಂಕುಗಳು ಇದನ್ನು ಮುಂದೆ ನಿಂತು ಕೇಳಬೇಕು. ಹಾಗೆಯೇ ಪಾಲಿಕೆಗಳು ಸ್ಮಶಾನದ ಗೇಟಿನಲ್ಲಿ ಯಾವುದಕ್ಕೆ ಎಷ್ಟು ಅಂತ ದೊಡ್ಡ ಬೋರ್ಡು ಹಾಕಲಿ.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಹೀಗೆ ಮಾಡಿಕೊಂಡಿದ್ದೇವೆ. ಅಮ್ಮನ ಉಳಿತಾಯ ಖಾತೆಗೆ ನನ್ನ ಹೆಸರೂ ಸೇರಿದೆ, ಇಬ್ಬರಲ್ಲಿ ಯಾರು ಉಳಿದರೂ ಹಣ ತೆಗೆಯುವಂತೆ ಬರೆಸಿದ್ದೇವೆ. ಅದರಲ್ಲಿರುವ 40,000 ಮುಟ್ಟುವುದಿಲ್ಲ. ಹತ್ತು ಸಾವಿರ ನಗದು ಬೇರೆ ಇದೆ. ಬೀರು ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇವೆ: ವ್ಯಾನಿನ ನಂಬರು, ಪುರೋಹಿತರ ನಂಬರು, ಆಧಾರ್ ಎಲ್ಲಿದೆ, ಯಾವ ಸೀರೆ. ಸೀರೆಯ ಹೆಸರನ್ನು ಅಮ್ಮ ಎರಡು ಸಲ ಹೊಡೆದು ಬರೆದರು. ಕೊನೆಗೆ ಹಸಿರು ಇಳಕಲ್ ಅಂತ ಆಯಿತು.

ಇಂತಿ,
ನಿಮ್ಮ ಓದುಗ, ಮೈಸೂರು