ಫೈಬರ್ ದೋಣಿಯ ಒಳಪೆಟ್ಟು

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮೊದಲು ಮಂಜೇಶ್ವರ ಕಡಪ್ಪುರದಲ್ಲಿ ನಮ್ಮ ಮನೆಯ ಫೈಬರ್ ದೋಣಿಯನ್ನು ಮರಳಿಗೆ ಎಳೆದಾಗ ತಳದಲ್ಲಿ ಅಂಗೈಯಗಲದ ಬಿಳಿಚಿದ ಕಲೆಯೊಂದು ಕಂಡಿತು. ನಾಣ್ಯದಿಂದ ತಟ್ಟಿದರೆ ಬೇರೆಡೆ ಟಣ್ ಎನ್ನುವ ಮೈ ಅಲ್ಲಿ ಮಾತ್ರ ದಬ್ ಎಂದಿತು. ಬಣ್ಣ ಬಳಿದರೆ ಸಾಕೆಂದ ದುರಸ್ತಿಯವರ ಮಾತು, ಇಂಜಿನಿಯರಿಂಗ್ ಓದಿದ ನನಗೆ ಹಿಡಿಸಲಿಲ್ಲ.

ಕಬ್ಬಿಣ ಬಾಗಿ ಎಚ್ಚರಿಸುತ್ತದೆ. ಗಾಜಿನ ನಾರು ಮತ್ತು ಅದನ್ನು ಹಿಡಿದಿಡುವ ಅಂಟಾದ ರೆಸಿನ್ ಪದರಗಳ ಈ ವಸ್ತುವಿನಲ್ಲಾದರೋ ಮೊದಲು ರೆಸಿನ್‌ನಲ್ಲಿ ಕೂದಲೆಳೆಯ ಬಿರುಕು, ಬಳಿಕ ಪದರಗಳ ಬಿಡುವಿಕೆ, ಕೊನೆಗೆ ನಾರುಗಳ ತುಂಡಾಗುವಿಕೆ ನಡೆಯುತ್ತ ಹೋದರೂ ಹೊರಮೈ ನುಣುಪಾಗಿಯೇ ಇರಬಹುದು. ಸಾಯ್ ಮತ್ತು ವೂ ಎಂಬ ಸಂಶೋಧಕರ 1971ರ ಸೂತ್ರ ಪದರವೊಂದು ಯಾವ ಹೊರೆಗೆ ಸೋಲುತ್ತದೆಂದು ತಿಳಿಸುತ್ತದೆಯೇ ಹೊರತು ಸೋತದ್ದು ನಾರೋ ರೆಸಿನ್ನೋ ಎಂದು ಹೇಳುವುದಿಲ್ಲ. ಅದನ್ನು ಬಿಡಿಸಿ ನೋಡುವುದು ಹಾಶಿನ್ ಎಂಬ ಸಂಶೋಧಕರ 1980ರ ಮಾನದಂಡ. ಆದರೆ ಈ ಲೆಕ್ಕಗಳಿಗೆ ಬೇಕಾದ ಬಲದ ಅಂಕಿಗಳು, ಕೈಯಿಂದಲೇ ಪದರ ಹಚ್ಚಿದ, ವರ್ಷಗಟ್ಟಲೆ ಉಪ್ಪುನೀರು ಕುಡಿದ ದೋಣಿಯಲ್ಲಿ ಹಾಗೆಯೇ ಉಳಿದಿರುವುದಿಲ್ಲ.

ಆದ್ದರಿಂದ ದೋಣಿಗಳ ತಪಾಸಣೆಯಲ್ಲಿ ದಾಖಲೆಗಳ ಜೊತೆಗೆ ತಟ್ಟಿ ನೋಡುವ ಪರೀಕ್ಷೆಯನ್ನೂ, ಸಂಶಯವಿದ್ದಲ್ಲಿ ಅಲ್ಟ್ರಾಸಾನಿಕ್ (ಕಿವಿಗೆ ಕೇಳಿಸದ ಧ್ವನಿ ಅಲೆಗಳ) ಪರೀಕ್ಷೆಯನ್ನೂ ಸೇರಿಸಬೇಕೆಂದು, ಅದರ ಸೂಚನೆಗಳನ್ನು (ಇಲ್ಲಿಯ ಹಿರಿಯರು ಓದುವ) ಕನ್ನಡದಲ್ಲಿಯೂ ಕೊಡಬೇಕೆಂದು ಕೇರಳದ ಮೀನುಗಾರಿಕಾ ಇಲಾಖೆಯನ್ನು ಕೋರುತ್ತೇನೆ.

— ಓದುಗ, ಮಂಜೇಶ್ವರ